ಸಭೆಯ ಚರಿತ್ರೆ ಬರೆಯಲು ಕುಳಿತ ಹಿರಿಯರಿಗೆ ಒಂದು ಬಹಿರಂಗ ಪತ್ರ

ಶತಮಾನೋತ್ಸವ, ಶತೋತ್ತರ ಸುವರ್ಣ ಮಹೋತ್ಸವಗಳ ಸ್ಮರಣ ಸಂಚಿಕೆಗಳನ್ನು ಸಿದ್ಧಪಡಿಸುತ್ತಿರುವ ಕರ್ನಾಟಕದ ಕ್ರೈಸ್ತ ಸಭೆಗಳ ಪಾಲಕರಿಗೆ, ಸಭಾ ಹಿರಿಯರಿಗೆ ಹಾಗೂ ಸಂಪಾದಕ ಸಮಿತಿಗಳ ಸದಸ್ಯರಿಗೆ,

ಮಾನ್ಯರೇ,

ತಮ್ಮ ತಮ್ಮ ಸಭೆಯ ಚರಿತ್ರೆಯನ್ನು ಬರೆದಿಡಲು ತಾವು ಮುಂದಾಗಿರುವುದು ಸಂತೋಷದ ಸಂಗತಿ. ದೇವಾಲಯಕ್ಕೆ ಸುಣ್ಣ ಬಳಿಸುವುದಕ್ಕೂ ಹಬ್ಬಕ್ಕೆ ಶಾಮಿಯಾನ ಹಾಕಿಸುವುದಕ್ಕೂ ಹಣ ಕೂಡಿಸುವಷ್ಟೇ ಶ್ರದ್ಧೆಯಿಂದ ಒಂದು ಪುಸ್ತಕಕ್ಕೂ ಹಣ ಕೂಡಿಸುವ ಸಭೆಗಳು ನಮ್ಮಲ್ಲಿವೆ ಎಂಬುದೇ ಹೆಮ್ಮೆಯ ಮಾತು. ಆದರೆ ಆ ಪುಸ್ತಕ ಅಚ್ಚಿಗೆ ಹೋಗುವ ಮೊದಲು ತಮ್ಮಲ್ಲಿ ಒಂದು ವಿನಂತಿ ಮಾಡಿಕೊಳ್ಳಬೇಕಾಗಿದೆ. ಸಭೆಗೆ ಬಂದುಹೋದ ಮಿಶನರಿಗಳ ಚರಿತ್ರೆಯನ್ನೇ ಸಭೆಯ ಚರಿತ್ರೆ ಎಂದು ದಯಮಾಡಿ ಮುದ್ರಿಸಬೇಡಿ. ಅದರ ಬೆಂಚುಗಳ ಮೇಲೆ, ಬೆಂಚುಗಳು ಬರುವ ಮೊದಲು ಚಾಪೆಗಳ ಮೇಲೆ, ಕುಳಿತು ಹಾಡಿದವರ ಚರಿತ್ರೆಯನ್ನು ಬರೆಯಿರಿ.

ಈ ಮಾತನ್ನು ನಾನು ಹೇಳುತ್ತಿರುವುದು ನಾನೇ ಮಾಡಿದ ಒಂದು ತಪ್ಪನ್ನು ನೆನೆದು. ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯ ಸ್ಮರಣ ಸಂಚಿಕೆಯ ಚರಿತ್ರೆಯ ಭಾಗವನ್ನು ಬರೆದವಳು ನಾನು. ಮೊದಲೇ ಅಚ್ಚಾಗಿದ್ದ ಹಳೆಯ ಸಂಚಿಕೆಗಳನ್ನೂ ಮಿಶನ್ ವರದಿಗಳನ್ನೂ ಮುಂದಿಟ್ಟುಕೊಂಡು, ಯಾವ ಮಿಶನರಿ ಯಾವ ವರ್ಷ ಬಂದರು, ಯಾವ ವರ್ಷ ಊರಿಗೆ ಮರಳಿದರು, ಯಾರ ಕಾಲದಲ್ಲಿ ಗೋಪುರ ಎದ್ದಿತು, ಯಾರ ಕಾಲದಲ್ಲಿ ಗಂಟೆ ಬಂತು ಎಂದು ಸಾಲಾಗಿ ಬರೆದೆ. ಕೊನೆಗೆ ‘ಅನೇಕ ಸ್ಥಳೀಯ ವಿಶ್ವಾಸಿಗಳೂ ಶ್ರಮಿಸಿದರು’ ಎಂಬ ಒಂದೇ ವಾಕ್ಯ ಸೇರಿಸಿ ಕೈತೊಳೆದುಕೊಂಡೆ. ದೀಕ್ಷಾಸ್ನಾನದ ಹಳೆಯ ರಿಜಿಸ್ಟರು ಪಾಲಕರ ಕೋಣೆಯ ಮರದ ಬೀರುವಿನಲ್ಲೇ ಇತ್ತು. ಅದನ್ನು ತೆರೆಯಬೇಕೆಂದು ನನಗೆ ತೋಚಲಿಲ್ಲ. ಸಂಚಿಕೆ ಬಿಡುಗಡೆಯಾಗಿ ಒಂದು ಮಳೆಗಾಲ ಕಳೆದ ಮೇಲೆ, ಯಾರದೋ ಮದುವೆಯ ಕಾಗದಪತ್ರಕ್ಕಾಗಿ ಬೀರು ತೆರೆದಾಗ ಆ ಪುಸ್ತಕ ನನ್ನ ಕೈಗೆ ಬಂತು. ರಟ್ಟಿನ ಬೆನ್ನು ಕಿತ್ತುಬಂದಿತ್ತು. ಶಾಯಿ ಚಹಾದ ಬಣ್ಣಕ್ಕೆ ತಿರುಗಿತ್ತು. ಕೆಳಗಿನ ಮೂಲೆಯಿಂದ ಗೆದ್ದಲು ಹತ್ತಿ ಪ್ರತಿ ಪುಟದ ಕೊನೆಯ ಏಳೆಂಟು ಸಾಲುಗಳು ಮಣ್ಣಾಗಿದ್ದವು. ಉಳಿದ ಸಾಲುಗಳಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಕಸುಬು, ಸಾಕ್ಷಿಗಳು ಎಂಬ ಅಂಕಣಗಳಿದ್ದವು. ನೇಯ್ಗೆ, ಮೂರ್ತೆ (ಶೇಂದಿ ಇಳಿಸುವುದು), ಹಂಚಿನ ಕಾರ್ಖಾನೆಯ ಕೂಲಿ, ‘ವಿಧವೆ’ ಎಂದು ಬರೆದ ಕಡೆ ಕಸುಬಿನ ಜಾಗ ಖಾಲಿ. ಸಹಿ ಹಾಕಲು ಬಾರದವರು ಎಳೆದ ಗೀಟುಗಳು ಪುಟದ ಬಲಕ್ಕೆ ಒಂದರ ಕೆಳಗೊಂದು ನಿಂತಿದ್ದವು. ನಾನು ಬರೆದ ಚರಿತ್ರೆಯಲ್ಲಿ ಇವರಲ್ಲಿ ಒಬ್ಬರೂ ಇರಲಿಲ್ಲ.

ಆ ದಿನದಿಂದ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಬಂಗಾಳದ ಒಂದು ಬ್ಯಾಪ್ಟಿಸ್ಟ್ ಸಭೆಯ ಕಡೆಗೆ. ಹೌರಾದಿಂದ ಲೋಕಲ್ ರೈಲಿನಲ್ಲಿ ಹೊರಟರೆ, ಹೂಗ್ಲಿ ನದಿಯ ಪಶ್ಚಿಮ ದಂಡೆಯ ಮೇಲೆ ಸಿಗುವ ಸೆರಾಂಪುರದ ಸಭೆ ಅದು; ಬಂಗಾಳಿಗಳ ಬಾಯಲ್ಲಿ ಶ್ರೀರಾಮ್‌ಪುರ. ಕನ್ನಡ ನಾಡಿನ ಸಭೆಗಳಿಗೂ ಆ ಊರಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ತಮ್ಮ ಪಾಲಕರ ಕೋಣೆಯ ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ತೂಗಿಬಿಟ್ಟಿರುವ ಪದವಿ ಪತ್ರವನ್ನು ಒಮ್ಮೆ ಹತ್ತಿರದಿಂದ ನೋಡಿ. ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದಿದವರಾದರೂ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದಿದವರಾದರೂ ಅವರ ಬಿ.ಡಿ. (ದೈವಶಾಸ್ತ್ರದ) ಪದವಿಯ ಮೇಲೆ ಸೆರಾಂಪುರದ ಹೆಸರನ್ನು ಕಾಣುವಿರಿ. 1818ರಲ್ಲಿ ಆ ಸಭೆಯ ಹಿರಿಯರು ಆರಂಭಿಸಿದ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ಅರಸ ಆರನೆಯ ಫ್ರೆಡರಿಕ್ ಪದವಿ ಕೊಡುವ ಅಧಿಕಾರದ ಸನ್ನದು ನೀಡಿದ. ಆ ಸನ್ನದಿನ ಬಲದಿಂದಲೇ ಇಂದಿಗೂ ನಮ್ಮ ಪಾಲಕರು ಪದವೀಧರರಾಗುತ್ತಾರೆ. ಇದಲ್ಲದೆ ಕನ್ನಡದ ಅಚ್ಚಿನ ಅಕ್ಷರಕ್ಕೂ ಆ ಊರಿಗೂ ಇರುವ ನಂಟು ಇನ್ನೂ ಹತ್ತಿರದ್ದು. ಅದನ್ನು ಮುಂದೆ ಹೇಳುತ್ತೇನೆ.

ಸೆರಾಂಪುರದ ಚರಿತ್ರೆಯನ್ನು ನಮ್ಮ ಭಾನುವಾರ ಶಾಲೆಗಳಲ್ಲಿ ಹೇಳುವ ರೀತಿ ಎಲ್ಲರಿಗೂ ಗೊತ್ತು. ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ವಿಲಿಯಂ ಕೇರಿಯವರು 1793ರಲ್ಲಿ ಬಂಗಾಳಕ್ಕೆ ಬಂದರು. ಮಾಲ್ಡಾದ ಕಡೆ ನೀಲಿ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿ ಕೆಲವು ವರ್ಷ ಕಳೆದರು. ಈಸ್ಟ್ ಇಂಡಿಯಾ ಕಂಪನಿಯು ಮಿಶನರಿಗಳಿಗೆ ಅವಕಾಶ ಕೊಡದಿದ್ದುದರಿಂದ ಡೇನರ (ಡೆನ್ಮಾರ್ಕಿನವರ) ಆಳ್ವಿಕೆಯಲ್ಲಿದ್ದ ಸೆರಾಂಪುರದಲ್ಲಿ 1800ರ ಜನವರಿಯಲ್ಲಿ ಬಂದು ನೆಲೆಸಿದರು. ಅಲ್ಲಿ ಶಾಲಾಮಾಸ್ತರರಾದ ಜೋಶುವಾ ಮಾರ್ಷ್‌ಮನ್, ಅಚ್ಚುಗಾರರಾದ ವಿಲಿಯಂ ವಾರ್ಡ್ ಅವರೊಡನೆ ಸೇರಿ ಅಚ್ಚುಕೂಟ, ಶಾಲೆ, ಕಾಲೇಜು ಎಲ್ಲವನ್ನೂ ಕಟ್ಟಿದರು. ಇದೆಲ್ಲ ನಿಜವೇ. ಆ ವರ್ಷದ ಏಪ್ರಿಲ್‌ನಲ್ಲಿ ಸಭೆ ವಿಧಿವತ್ತಾಗಿ ಸ್ಥಾಪನೆಯಾದಾಗ ಅದರಲ್ಲಿದ್ದವರೆಲ್ಲ ವಿದೇಶಿಯರೇ ಎಂಬುದೂ ನಿಜ. ಆದರೆ ಅಲ್ಲಿಗೆ ನಿಂತಿದ್ದರೆ ಅದು ಪರದೇಶದಲ್ಲಿ ನಾಲ್ಕಾರು ಕುಟುಂಬಗಳು ಕೂಡಿ ಪ್ರಾರ್ಥನೆ ಮಾಡಿದ ಕಥೆಯಾಗಿ ಮುಗಿಯುತ್ತಿತ್ತು. ಸಭೆಯ ಕಥೆ ಆರಂಭವಾಗುವುದು ನನ್ನ ದೃಷ್ಟಿಯಲ್ಲಿ ಅದೇ ವರ್ಷದ ನವೆಂಬರಿನಲ್ಲಿ, ಒಬ್ಬ ಬಡಗಿ ಸ್ನಾನಕ್ಕೆ ಹೋಗುವಾಗ ಜಾರಿಬಿದ್ದು ತೋಳಿನ ಕೀಲು ತಪ್ಪಿಸಿಕೊಂಡ ದಿನ.

ಆ ಬಡಗಿಯ ಹೆಸರು ಕೃಷ್ಣ ಪಾಲ್. ಮಿಶನಿನಲ್ಲಿದ್ದ ವೈದ್ಯ ಜಾನ್ ಥಾಮಸ್ ಬಂದು ಅವರನ್ನು ಒಂದು ಮರಕ್ಕೆ ಒರಗಿಸಿ ಕಟ್ಟಿ, ಕೇರಿ ಮತ್ತು ಮಾರ್ಷ್‌ಮನ್ ಅವರ ಸಹಾಯದಿಂದ ಕೀಲನ್ನು ಕೂಡಿಸಿದರು. ನೋವಿನ ನಡುವೆಯೇ ಮಾತು ಬೆಳೆಯಿತು. ಗುಣವಾದ ಮೇಲೂ ಕೃಷ್ಣ ಪಾಲರು ಬರುತ್ತಲೇ ಇದ್ದರು. ಅವರ ಜೊತೆಗೆ ಗೆಳೆಯ ಗೋಕುಲ, ಹೆಂಡತಿ ರಾಸು, ನಾದಿನಿ ಜಯಮಣಿ ಕೂಡ ಬಂದರು. ಡಿಸೆಂಬರ್ 22ರಂದು ಕೃಷ್ಣ ಪಾಲರೂ ಗೋಕುಲರೂ ಮಿಶನರಿಗಳ ಜೊತೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಜಾತಿ ಕೆಟ್ಟಿತೆಂದು ಊರು ಎದ್ದಿತು. ಎರಡು ಸಾವಿರದಷ್ಟು ಜನ ಸೇರಿ ಅವರನ್ನು ಡೇನಿಷ್ ನ್ಯಾಯಾಧಿಕಾರಿಯ ಮುಂದೆ ಎಳೆದೊಯ್ದರೆಂದು ಆ ಕಾಲದ ಬರಹಗಳು ಹೇಳುತ್ತವೆ. ಅಪರಾಧವೇನೆಂದು ಹೇಳಲು ಯಾರಿಗೂ ಆಗದೆ ಅವರು ಬಿಡುಗಡೆಯಾದರು.

ಡಿಸೆಂಬರ್ 28ರ ಭಾನುವಾರ ದೀಕ್ಷಾಸ್ನಾನ ಎಂದು ನಿಶ್ಚಯವಾಗಿತ್ತು. ಬ್ಯಾಪ್ಟಿಸ್ಟರ ಪದ್ಧತಿಯಂತೆ ತಿಳುವಳಿಕೆ ಬಂದವರು ತಮ್ಮ ಬಾಯಿಂದಲೇ ವಿಶ್ವಾಸವನ್ನು ಅರಿಕೆ ಮಾಡಿ, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಹಾಗಾಗಿ ಎಲ್ಲರ ಕಣ್ಣೆದುರು, ಹೂಗ್ಲಿಯ ಘಟ್ಟದಲ್ಲಿಯೇ ಅದು ನಡೆಯಬೇಕಿತ್ತು. ಬರುತ್ತೇವೆಂದಿದ್ದವರಲ್ಲಿ ಗೋಕುಲರೂ ಇಬ್ಬರು ಹೆಂಗಸರೂ ಬಂಧುಗಳ ಕಣ್ಣೀರಿಗೆ ಕರಗಿ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರು. ಕೇರಿಯವರು ಒಂದು ಕಡೆ ತಮ್ಮ ಮಗ ಫೆಲಿಕ್ಸ್, ಇನ್ನೊಂದು ಕಡೆ ಕೃಷ್ಣ ಪಾಲ್, ಹೀಗೆ ಇಬ್ಬರನ್ನು ಕರೆದುಕೊಂಡು ನದಿಗೆ ಇಳಿದರು. ಗವರ್ನರ್ ಓಲೆ ಬೀ, ಯುರೋಪಿಯನ್ನರು, ಪೋರ್ಚುಗೀಸರು, ಹಿಂದೂಗಳು, ಮುಸಲ್ಮಾನರು ದಂಡೆಯಲ್ಲಿ ನಿಂತಿದ್ದರು. ಈ ನೀರಿನಲ್ಲಿ ಯಾವ ಪಾವಿತ್ರ್ಯವೂ ಇದೆಯೆಂದು ನಾವು ನಂಬುವುದಿಲ್ಲ, ಇದು ಬರಿಯ ನೀರು ಎಂದು ಕೇರಿಯವರು ಗಂಗೆಯ ದಂಡೆಯ ಜನಕ್ಕೆ ವಿವರಿಸಿದರು. ಬಂಗಾಳಿ ಮಾತುಗಳಲ್ಲಿ ಕೃಷ್ಣ ಪಾಲರ ಸ್ನಾನವಾದಾಗ ಗವರ್ನರರಿಗೆ ಕಣ್ಣೀರು ತಡೆಯಲಾಗಲಿಲ್ಲ. ಅದೇ ಮಧ್ಯಾಹ್ನ ಕರ್ತನ ಭೋಜನದ ಸಂಸ್ಕಾರ ಮೊದಲ ಬಾರಿಗೆ ಬಂಗಾಳಿಯಲ್ಲಿ ನಡೆಯಿತು.

ಸಂಚಿಕೆಗಳಲ್ಲಿ ಈ ದೃಶ್ಯ ಇಲ್ಲಿಗೆ ಮುಗಿಯುತ್ತದೆ. ಆದರೆ ಆ ಮೆರವಣಿಗೆ ನದಿಯತ್ತ ನಡೆದ ದಾರಿಯ ಒಂದು ಕಡೆಯ ಕೋಣೆಯಲ್ಲಿ ಥಾಮಸ್ ಅವರನ್ನು ಕೂಡಿಹಾಕಲಾಗಿತ್ತು. ಹದಿನೇಳು ವರ್ಷ ಕಾದ ಫಲ ಕಣ್ಣೆದುರು ಬಂದ ಸಂತೋಷವನ್ನು ತಾಳಲಾರದೆ ಅವರ ಬುದ್ಧಿ ಕದಡಿ ಕೂಗಾಡುತ್ತಿದ್ದರು. ಇನ್ನೊಂದು ಕಡೆಯ ಕೋಣೆಯಲ್ಲಿ ಕೇರಿಯವರ ಪತ್ನಿ ಡಾರೊಥಿ ಚೀರುತ್ತಿದ್ದರು. ಓದುಬರಹ ತಿಳಿಯದ ಆಕೆ ಮೊದಲು ಭಾರತಕ್ಕೆ ಬರಲು ಒಪ್ಪದೆ, ಒತ್ತಾಯಕ್ಕೆ ಮಣಿದು ಹಡಗು ಹತ್ತಿದವರು; 1794ರಲ್ಲಿ ಐದು ವರ್ಷದ ಮಗ ಪೀಟರ್ ರಕ್ತಭೇದಿಯಿಂದ ತೀರಿಕೊಂಡ ಮೇಲೆ ಆಕೆಯ ಮನಸ್ಸು ಮತ್ತೆ ನೆಲೆಗೆ ಬರಲೇ ಇಲ್ಲ. 1807ರಲ್ಲಿ ಅದೇ ಸ್ಥಿತಿಯಲ್ಲಿ ತೀರಿಕೊಂಡರು. ಈ ಎರಡು ಕೂಗುಗಳನ್ನು ಬಿಟ್ಟು ಆ ದಿನದ ಚರಿತ್ರೆಯನ್ನು ಬರೆಯುವುದು ನ್ಯಾಯವಲ್ಲ ಎಂದು ನನ್ನ ನಂಬಿಕೆ. ಮಿಶನಿನ ಒಳಗಿನವರೇ, ಮಾರ್ಷ್‌ಮನ್ನರ ಮಗನೇ, ಅದನ್ನು ಮುಚ್ಚಿಡದೆ ಬರೆದಿಟ್ಟರು. ಅವರಿಗಿದ್ದ ಧೈರ್ಯ ನಮಗೆ ಏಕಿರಬಾರದು?

ಹಿಂದೆ ಸರಿದವರ ಕಥೆಯೂ ಅಲ್ಲಿಗೆ ನಿಲ್ಲಲಿಲ್ಲ. ಜಯಮಣಿಯವರು 1801ರ ಆರಂಭದಲ್ಲೇ ತಾವಾಗಿ ಬಂದು ದೀಕ್ಷಾಸ್ನಾನ ಪಡೆದರು. ಆ ಸಭೆಗೆ ಸೇರಿದ ಮೊದಲ ಬಂಗಾಳಿ ಹೆಂಗಸು ಅವರು. ಅನಂತರ ರಾಸು, ಗೋಕುಲ ಕೂಡ ಬಂದರು. ಕೃಷ್ಣ ಪಾಲರ ಒಬ್ಬ ಮಗಳನ್ನು, ಮೊದಲೇ ಸಂಬಂಧ ಗೊತ್ತಾಗಿದ್ದ ಮನೆಯವರು ಬೀದಿಯಲ್ಲಿ ಹಿಡಿದು ಬಲವಂತವಾಗಿ ಕಲ್ಕತ್ತೆಗೆ ಕೊಂಡೊಯ್ದರು. ಮುಂದೆ ಆಕೆ ತವರಿಗೆ ಮರಳಿ ಸಭೆಗೆ ಸೇರಿದಳು. ಕೃಷ್ಣ ಪಾಲರು ತಮ್ಮ ಮನೆಯ ಎದುರಿಗೆ, ತಮ್ಮದೇ ಖರ್ಚಿನಲ್ಲಿ, ಚಿಕ್ಕದೊಂದು ಪ್ರಾರ್ಥನಾ ಮಂದಿರವನ್ನು ಕಟ್ಟಿದರು. ಆಗ ಅಲ್ಲಿ ಉಪದೇಶ ಮಾಡಲು ಅತಿಥಿಯಾಗಿ ಬಂದವರು ಕೇರಿಯವರು. ಯಾರು ಆತಿಥೇಯರು, ಯಾರು ಅತಿಥಿಗಳು ಎಂಬುದು ಇಷ್ಟು ಬೇಗ ತಿರುಗಿಹೋದ ಇನ್ನೊಂದು ಸಭೆ ನನಗೆ ನೆನಪಿಗೆ ಬರುತ್ತಿಲ್ಲ.

1803ರಲ್ಲಿ ನಡೆದ ಎರಡು ಸಂಗತಿಗಳನ್ನು ಸ್ವಲ್ಪ ನಿಧಾನವಾಗಿ ಹೇಳಲು ಅನುಮತಿ ಕೊಡಿ. ಈ ಪತ್ರ ಬರೆಯಲು ಕುಳಿತದ್ದೇ ಅವುಗಳಿಗಾಗಿ. ಮೊದಲನೆಯದು ಒಂದು ಮದುವೆ. ಬ್ರಾಹ್ಮಣರಾಗಿ ಹುಟ್ಟಿ, ಜನಿವಾರ ತೆಗೆದುಹಾಕಿ ಸಭೆಗೆ ಬಂದಿದ್ದ ಕೃಷ್ಣಪ್ರಸಾದ ಎಂಬ ಯುವಕನಿಗೂ ಕೃಷ್ಣ ಪಾಲರ ಮಗಳು ಆನಂದಳಿಗೂ, ಬಡಗಿಯ ಮನೆಯ ಎದುರಿನ ಮರದ ನೆರಳಿನಲ್ಲಿ ವಿವಾಹವಾಯಿತು. ಆ ಮದುವೆಯ ಊಟ ನಡೆದದ್ದು ಬಡಗಿಯ ಮನೆಯಲ್ಲಿ, ಮತ್ತು ಇಂಗ್ಲಿಷರು ಅಲ್ಲಿ ಕುಳಿತು, ಆ ಮನೆಯ ಅಡುಗೆಯನ್ನು, ಆ ಮನೆಯವರ ಜೊತೆಗೇ ಉಂಡರು. ಮನೆಗೆ ಮರಳಿದ ವಾರ್ಡ್ ಅವರು ತಮ್ಮ ದಿನಚರಿಯಲ್ಲಿ ಅದನ್ನು ಜಾತಿಯ ಮೇಲೆ ದೊರೆತ ಮಹಿಮೆಯ ಜಯವೆಂದು ಬರೆದುಕೊಂಡರು. ಶೂದ್ರನೆನಿಸಿಕೊಂಡವನ ಮಗಳು ಬ್ರಾಹ್ಮಣನನ್ನು ವರಿಸಿದ್ದೂ ದೊಡ್ಡದು, ಆಳುವವರ ಬಣ್ಣದವರು ಅವಳ ಅಪ್ಪನ ಅಂಗಳದಲ್ಲಿ ಉಂಡದ್ದೂ ದೊಡ್ಡದು. ಇವತ್ತಿಗೂ ನಮ್ಮ ಸಭೆಗಳಲ್ಲಿ ಸಂಬಂಧ ನೋಡುವಾಗ ‘ಅವರು ಮೊದಲು ಯಾರು?’ ಎಂದು ಮೆಲ್ಲಗೆ ವಿಚಾರಿಸುವವರಿದ್ದಾರೆ ಎಂಬುದು ತಮಗೂ ಗೊತ್ತು, ನನಗೂ ಗೊತ್ತು.

ಎರಡನೆಯದು ಒಂದು ಸಾವು. ಅದೇ ವರ್ಷದ ಅಕ್ಟೋಬರಿನಲ್ಲಿ ಗೋಕುಲರು ತೀರಿಕೊಂಡರು. ಸಭೆಗೆ ಸೇರಿದ ಬಂಗಾಳಿಗಳಲ್ಲಿ ಮೊದಲ ಸಾವು ಅದು. ಹೆಣವನ್ನು ಹೊರುವವರು ಯಾರು? ಇಲ್ಲಿ ಒಂಬತ್ತು ವರ್ಷ ಹಿಂದಿನ ಇನ್ನೊಂದು ಸಾವನ್ನು ನೆನೆಯಬೇಕು. ಪೀಟರ್ ಎಂಬ ಆ ಮಗು ತೀರಿಕೊಂಡಾಗ, ಸಾವಿನ ಮೈಲಿಗೆಗೆ ಅಂಜಿ ಸುತ್ತಲಿನವರು ಯಾರೂ ಮುಂದೆ ಬರಲಿಲ್ಲ; ಕೊನೆಗೆ ನಾಲ್ವರು ಮುಸಲ್ಮಾನರು ಗುಂಡಿ ತೋಡಿದರು, ಆದರೆ ಹೊರಲು ಆಳು ಸಿಗದೆ ತಂದೆ ಪರದಾಡಿದರು. ಸೆರಾಂಪುರದಲ್ಲಿಯೂ ಅಲ್ಲಿಯವರೆಗೆ ಕೂಲಿಗೆ ಸಿಗುತ್ತಿದ್ದ ಬಡ ಪೋರ್ಚುಗೀಸರಿಂದ ಶವ ಹೊರಿಸುವುದೇ ರೂಢಿಯಾಗಿತ್ತು. ಗೋಕುಲರ ಶವಪೆಟ್ಟಿಗೆಯನ್ನು ಅವರ ಗೆಳೆಯ, ಬಡಗಿ ಕೃಷ್ಣ ಪಾಲರೇ ಸಿದ್ಧಪಡಿಸಿ, ಒಳಗೂ ಹೊರಗೂ ಬಿಳಿಯ ಮಲ್ಲು ಬಟ್ಟೆಯನ್ನು ತಮ್ಮ ಹಣದಿಂದ ತಂದು ಹೊದಿಸಿದ್ದರು. ಅದನ್ನು ಹೆಗಲ ಮೇಲೆ ಹೊತ್ತವರು ನಾಲ್ವರು: ಮಾರ್ಷ್‌ಮನ್, ಫೆಲಿಕ್ಸ್ ಕೇರಿ, ಬ್ರಾಹ್ಮಣ ಕುಲದಿಂದ ಬಂದ ಭೈರವ, ಮುಸಲ್ಮಾನ ಮನೆತನದಿಂದ ಬಂದ ಪೀರು. ಬಂಗಾಳಿ ಕೀರ್ತನೆಯನ್ನು ಹಾಡುತ್ತ ಅವರು ಬೀದಿಯಲ್ಲಿ ನಡೆದಾಗ ಊರಿನ ಜನ ಮಾತಿಲ್ಲದೆ ನೋಡಿದರು.

ಭೈರವ, ಪೀರು ಎಂಬ ಈ ಎರಡು ಹೆಸರುಗಳು ನಮಗೆ ಹೇಗೆ ದಕ್ಕಿದವು? ಅವರಿಬ್ಬರೂ ಗ್ರಂಥ ಬರೆಯಲಿಲ್ಲ, ಕಟ್ಟಡ ಕಟ್ಟಿಸಲಿಲ್ಲ, ಅವರ ಚಿತ್ರಪಟ ಯಾವ ಗೋಡೆಯ ಮೇಲೂ ಇಲ್ಲ. ಅಂದು ರಾತ್ರಿ ದೀಪದ ಬೆಳಕಿನಲ್ಲಿ ಕುಳಿತು ಯಾರು ಬಂದರು, ಯಾರು ಹೊತ್ತರು, ಯಾರು ಅತ್ತರು ಎಂಬುದನ್ನು ಹೆಸರು ಹಿಡಿದು ಬರೆದಿಟ್ಟ ಕೈಗಳಿದ್ದವು. ವಾರ್ಡ್ ಅವರ ದಿನಚರಿಯಂಥ ಬರಹಗಳು ಇಲ್ಲದಿದ್ದರೆ ಆ ಸಾಲು ‘ನಾಲ್ವರು ಶವವನ್ನು ಹೊತ್ತರು’ ಎಂದಷ್ಟೇ ಉಳಿಯುತ್ತಿತ್ತು; ಇಲ್ಲವೇ, ನನ್ನಂಥವಳು ಬರೆದ ಸಂಚಿಕೆಯಲ್ಲಿ ‘ಮಾರ್ಷ್‌ಮನ್ನರೂ ಸ್ಥಳೀಯ ವಿಶ್ವಾಸಿಗಳೂ’ ಎಂದು.

ನಮ್ಮ ಬರವಣಿಗೆಯಲ್ಲಿ ಇನ್ನೊಂದು ಅಭ್ಯಾಸವನ್ನು ತಾವು ಗಮನಿಸಿರಬಹುದು. ಕನ್ನಡದ ಕ್ರಿಯಾಪದ ಗೌರವವನ್ನು ತನ್ನ ಬಾಲದಲ್ಲೇ ಹೊತ್ತು ತಿರುಗುತ್ತದೆ. ನಮ್ಮ ಸಂಚಿಕೆಗಳಲ್ಲಿ ಮಿಶನರಿಗಳು ‘ಬಂದರು, ಕಲಿಸಿದರು, ಕಟ್ಟಿದರು’. ಅವರ ಜೊತೆ ದುಡಿದ ಉಪದೇಶಿ ‘ಬಂದನು, ಕಲಿತನು, ಸೇರಿದನು’. ಒಂದೇ ಪುಟದಲ್ಲಿ ಇಪ್ಪತ್ತೈದರ ಹರೆಯದ ಪರದೇಶಿ ಬಹುವಚನಕ್ಕೆ ಏರುತ್ತಾರೆ, ಅರವತ್ತರ ಉಪದೇಶಿ ಏಕವಚನದಲ್ಲಿ ಉಳಿಯುತ್ತಾನೆ. ನಾನು ಬರೆದದ್ದನ್ನು ತಿರುಗಿ ಓದಿದಾಗ ನನ್ನ ಪುಟಗಳಲ್ಲಿಯೂ ಹಾಗೆಯೇ ಇತ್ತು. ತಮ್ಮ ಕರಡು ತಿದ್ದುವವರಿಗೆ ಈ ಒಂದು ವಿಷಯವನ್ನಾದರೂ ದಯವಿಟ್ಟು ಹೇಳಿ.

ಈಗ ಕನ್ನಡದ ಮಾತು. 1817ರಲ್ಲಿ ಸೆರಾಂಪುರದ ಅಚ್ಚುಕೂಟದಿಂದ ಕೇರಿಯವರ ‘ಕರ್ನಾಟ ಭಾಷೆಯ ವ್ಯಾಕರಣ’ ಹೊರಬಂತು. ವಿವರಣೆ ಇಂಗ್ಲಿಷಿನಲ್ಲಿದ್ದರೂ ಉದಾಹರಣೆಗಳು ಕನ್ನಡ ಅಕ್ಷರಗಳಲ್ಲಿವೆ. ಕನ್ನಡ ಮುದ್ರಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೊದಲು ಹೆಸರಿಸುವ ಪುಸ್ತಕಗಳಲ್ಲಿ ಅದೂ ಒಂದು. ಕನ್ನಡ ನಾಡಿಗೆ ಎಂದೂ ಕಾಲಿಡದ ಒಬ್ಬರು, ಹೂಗ್ಲಿಯ ದಂಡೆಯಲ್ಲಿ ಕುಳಿತು ನಮ್ಮ ವಿಭಕ್ತಿಗಳನ್ನು ವಿವರಿಸಿದರು ಎಂಬುದು ನನ್ನಂಥ ಕನ್ನಡ ಅಧ್ಯಾಪಕಿಗೆ ಇಂದಿಗೂ ಬೆರಗು. ಆದರೆ ಅಷ್ಟು ದೂರದಲ್ಲಿದ್ದವರಿಗೆ ಕನ್ನಡವನ್ನು ಯಾರೋ ಕಲಿಸಿರಲೇಬೇಕಲ್ಲ. ಒಂದೊಂದು ಭಾಷೆಗೂ ಒಬ್ಬೊಬ್ಬ ಪಂಡಿತರನ್ನು ಕೂರಿಸಿಕೊಂಡು ಕೆಲಸ ಮಾಡುವುದು ಸೆರಾಂಪುರದ ಕ್ರಮವಾಗಿತ್ತು. ವ್ಯಾಕರಣದ ಮುಖಪುಟದಲ್ಲಿ ಕೇರಿಯವರ ಹೆಸರಿದೆ, ಅವರ ಪದವಿಗಳಿವೆ. ಕನ್ನಡ ಕಲಿಸಿದವರ ಹೆಸರಿಲ್ಲ.

ಅಚ್ಚುಮೊಳೆಗಳ ಮಾತೂ ಹೀಗೆಯೇ. ಆ ಕಾರ್ಖಾನೆಗೆ ಬುನಾದಿ ಹಾಕಿದವರು ಪಂಚಾನನ ಕರ್ಮಕಾರ್ ಎಂಬ ಕಮ್ಮಾರ ಕುಲದ ಕುಶಲಕರ್ಮಿ. ಉಕ್ಕಿನ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೊರೆದು, ಅದನ್ನು ತಾಮ್ರಕ್ಕೆ ಹೊಡೆದು ಅಚ್ಚು ತೆಗೆದು, ಆ ಅಚ್ಚಿಗೆ ಸೀಸವನ್ನು ಎರೆದು ಒಂದೊಂದೇ ಮೊಳೆಯನ್ನು ಮಾಡುವ ವಿದ್ಯೆ ಅವರದು. ಅವರು ಕಾಲವಾದ ಮೇಲೆ ಅಳಿಯ ಮನೋಹರ ಆ ಕೆಲಸವನ್ನು ಹಲವು ದಶಕಗಳ ಕಾಲ ನಡೆಸಿದರು. 1812ರ ಮಾರ್ಚ್ 11ರ ಸಂಜೆ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಕಾಗದ, ಹಸ್ತಪ್ರತಿಗಳು, ಬಹುಭಾಷಾ ನಿಘಂಟಿನ ಕರಡು, ಹಲವು ಲಿಪಿಗಳ ಮೊಳೆಗಳು ಸುಟ್ಟುಹೋದಾಗ, ಬೂದಿಯಲ್ಲಿ ಸಿಕ್ಕ ಕರಗಿದ ಸೀಸವನ್ನು ಬಾಚಿ ತಂದು ಮತ್ತೆ ಅಕ್ಷರ ಎರೆದದ್ದು ಈ ಕಾರ್ಖಾನೆಯ ಕೆಲಸಗಾರರೇ. ಪಂಚಾನನರಾಗಲಿ ಮನೋಹರರಾಗಲಿ ಸಭೆಗೆ ಸೇರಲಿಲ್ಲ. 1839ರಲ್ಲಿ ಅಲ್ಲಿಗೆ ಭೇಟಿಕೊಟ್ಟ ಮಿಶನರಿಯೊಬ್ಬರು, ಮನೋಹರರು ತಮ್ಮ ದೇವರ ಪಟದ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತು ಬೈಬಲಿನ ಅಕ್ಷರಗಳನ್ನು ಕೊರೆಯುತ್ತಿದ್ದುದನ್ನು ಕಂಡು ಬರೆದಿದ್ದಾರೆ. ಆ ಚಿತ್ರ ನನಗೆ ಬಹಳ ಪ್ರಿಯವಾದದ್ದು. ಸಭೆಯ ಪಟ್ಟಿಯಲ್ಲಿ ಇಲ್ಲದವರನ್ನು ಬಿಟ್ಟು ಸಭೆಯ ಚರಿತ್ರೆಯನ್ನು ಬರೆಯಲಾಗುವುದಿಲ್ಲ ಎಂದು ಅದು ನನಗೆ ಕಲಿಸಿತು. ತಮ್ಮ ಊರಿನಲ್ಲಿಯೂ ದೇವಾಲಯದ ಮಾಡಿಗೆ ಮರ ಕೊಟ್ಟ ಬಂಟರ ಮನೆ, ಬಾವಿ ತೋಡಿದ ಬ್ಯಾರಿ ಕುಟುಂಬ, ಗೋಡೆ ಕಟ್ಟಿದ 'ಹೊರಗಿನ' ಮೇಸ್ತ್ರಿ ಇದ್ದೇ ಇರುತ್ತಾರೆ. ಅವರನ್ನೂ ವಿಚಾರಿಸಿ ಬರೆಯಿರಿ.

ಜಗಳಗಳನ್ನು ಏನು ಮಾಡಬೇಕು ಎಂಬುದು ಸಂಪಾದಕ ಸಮಿತಿಗಳಲ್ಲಿ ಯಾವಾಗಲೂ ಏಳುವ ಪ್ರಶ್ನೆ. ಸೆರಾಂಪುರದವರು ತಮ್ಮನ್ನು ಕಳುಹಿಸಿದ ಇಂಗ್ಲೆಂಡಿನ ಸೊಸೈಟಿಯ ಜೊತೆ ಆಸ್ತಿಪಾಸ್ತಿಯ ಒಡೆತನ ಹಾಗೂ ಅಧಿಕಾರದ ವಿಷಯದಲ್ಲಿ ವರ್ಷಗಟ್ಟಲೆ ವ್ಯಾಜ್ಯ ಮಾಡಿ 1827ರಲ್ಲಿ ಬೇರೆಯಾದರು. 1837ರಲ್ಲಿ, ಹಿರಿಯರ ಕಾಲ ಮುಗಿಯುತ್ತ ಬಂದಾಗ ಮತ್ತೆ ಒಂದಾದರು. ಅದನ್ನು ಬರೆದಿಟ್ಟದ್ದರಿಂದ ಯಾರ ವಿಶ್ವಾಸವೂ ಕುಂದಲಿಲ್ಲ. ಬದುಕಿರುವವರ ಮನಸ್ಸು ನೋಯುವಂಥದ್ದನ್ನು ಬಿಡಿ. ಎಪ್ಪತ್ತೆಂಬತ್ತು ವರ್ಷ ಹಿಂದಿನ ಸಮಾಧಿಸ್ಥಳದ ವ್ಯಾಜ್ಯವನ್ನೂ ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಮಿಶನರಿಗಳನ್ನು ಕೀಳುಮಾಡಲು ನಾನು ಇದನ್ನು ಬರೆಯುತ್ತಿದ್ದೇನೆಂದು ಯಾರೂ ತಿಳಿಯಬಾರದು. ಭಾರತೀಯ ಸಭೆಗಳು ತಮ್ಮ ಪಾಲಕರನ್ನೂ ಸಭಾಸೇವಕರನ್ನೂ ತಮ್ಮ ದೇಶದವರಿಂದಲೇ ಆರಿಸಿಕೊಳ್ಳಬೇಕು ಎಂಬ ಆಶಯವನ್ನು ಸೆರಾಂಪುರದ ಮಿಶನರಿಗಳು 1805ರ ತಮ್ಮ ಒಡಂಬಡಿಕೆಯಲ್ಲಿ ಬರೆದು ಸಹಿ ಹಾಕಿದ್ದರು. ಅದನ್ನು ವರ್ಷಕ್ಕೆ ಮೂರು ಸಲ ಎಲ್ಲ ಮಿಶನ್ ಕೇಂದ್ರಗಳಲ್ಲಿ ಓದಬೇಕೆಂದೂ ಗೊತ್ತುಮಾಡಿದ್ದರು. ಕೃಷ್ಣ ಪಾಲರು ಉಪದೇಶಕರಾಗಿ ಬಂಗಾಳದಾಚೆಗೆ, 1813ರಲ್ಲಿ ಸಿಲ್ಹೆಟ್ ದಾಟಿ ಖಾಸಿ ಬೆಟ್ಟಗಳ ಅಂಚಿನವರೆಗೆ ಹೋಗಿ ಏಳು ಮಂದಿಗೆ ದೀಕ್ಷಾಸ್ನಾನ ಕೊಟ್ಟದ್ದು ಆ ಆಶಯದ ಫಲ. ಬಂಗಾಳಿಯಲ್ಲಿ ಅವರು ಕಟ್ಟಿದ ಕೀರ್ತನೆಗಳಲ್ಲಿ ಒಂದು ಇಂಗ್ಲಿಷಿಗೂ ಹೋಗಿ ಪರದೇಶದ ಸಭೆಗಳಲ್ಲಿ ಹಾಡಿಕೆಯಾಯಿತು. 1822ರಲ್ಲಿ ಅವರು ತೀರಿಕೊಂಡಾಗ, ಒಂದು ಕಾಲದಲ್ಲಿ ಅವರನ್ನು ಮರಕ್ಕೆ ಒರಗಿಸಿ ಹಿಡಿದುಕೊಂಡಿದ್ದ ಕೇರಿಯವರು ಇನ್ನೂ ಬದುಕಿದ್ದರು. 1834ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೊದಲ ಮೂವರು ಮಿಶನರಿಗಳು ಮಂಗಳೂರಿಗೆ ಬಂದಿಳಿಯುವುದಕ್ಕೆ ಕೆಲವೇ ತಿಂಗಳ ಮೊದಲು, ಕೇರಿಯವರೂ ಹೋದರು. ಸೆರಾಂಪುರದ ಬ್ಯಾಪ್ಟಿಸ್ಟ್ ಸಮಾಧಿಸ್ಥಳದಲ್ಲಿ ಅವರ ಕಲ್ಲಿನ ಮೇಲೆ ಅವರೇ ಕೇಳಿಕೊಂಡಂತೆ ಕೆತ್ತಿರುವುದು ಹೆಸರು, ಹುಟ್ಟುಸಾವಿನ ದಿನಗಳು, ಮತ್ತು ತಾನು ದೀನ, ಬಡ, ನಿಸ್ಸಹಾಯಕ ಹುಳು ಎಂಬ ಅರ್ಥದ ಕೀರ್ತನೆಯ ಎರಡು ಸಾಲು. ಅವರ ಸಾಧನೆಗಳಲ್ಲಿ ಒಂದೂ ಆ ಕಲ್ಲಿನ ಮೇಲಿಲ್ಲ. ಅದರ ಮುಂದೆ ನಿಂತಾಗ ನಾನು ಬರೆದ ಸಂಚಿಕೆಯ ಪುಟಗಳು ನೆನಪಾಗಿ ನಾಚಿಕೆಯಾಯಿತು.

ಅದೇ ಊರಿನಲ್ಲಿ ಡೇನರು ಕಟ್ಟಿದ ಸಂತ ಓಲಾವ್ ದೇವಾಲಯ ಕೆಲವು ವರ್ಷ ಹಿಂದೆ ಬೀಳುವ ಸ್ಥಿತಿಯಲ್ಲಿತ್ತು. ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನೆರವಿನಿಂದ ಅದು ಜೀರ್ಣೋದ್ಧಾರವಾಗಿ, 2016ರಲ್ಲಿ ಯುನೆಸ್ಕೋದ ಪ್ರಶಸ್ತಿಯನ್ನೂ ಪಡೆಯಿತು. ಗೋಪುರ ವಾಲಿದರೆ ನಾಲ್ಕು ಜನಕ್ಕೆ ಕಾಣುತ್ತದೆ, ನೆರವಿಗೆ ಯಾರಾದರೂ ಬರುತ್ತಾರೆ. ಬೀರುವಿನೊಳಗಿನ ಕಾಗದವನ್ನು ಗೆದ್ದಲು ತಿನ್ನುವುದು ಯಾರಿಗೂ ಕಾಣುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟು. ಸಂಚಿಕೆಗೆ ಸಂದೇಶಗಳನ್ನೂ ಜಾಹೀರಾತುಗಳನ್ನೂ ಕೇಳಿ ಪತ್ರ ಬರೆಯುವುದಕ್ಕೆ ಮೊದಲು ಒಂದು ಶನಿವಾರ ಮಧ್ಯಾಹ್ನ ನಾಲ್ವರು ಕೂಡಿ ಬೀರು ತೆರೆಯಿರಿ. ದೀಕ್ಷಾಸ್ನಾನ, ಮದುವೆ, ಮರಣದ ರಿಜಿಸ್ಟರುಗಳನ್ನೂ ಸಭಾ ಪಂಚಾಯತಿಯ ನಡಾವಳಿ ಪುಸ್ತಕಗಳನ್ನೂ ಹೊರಗೆ ತೆಗೆದು, ನೆರಳಿನಲ್ಲಿ ಗಾಳಿಗೆ ಹರವಿ, ಪ್ರತಿ ಪುಟದ ಚಿತ್ರವನ್ನು ಮೊಬೈಲಿನಲ್ಲಾದರೂ ತೆಗೆದಿಡಿ. ಯುವಜನರಿಗೆ ಈ ಕೆಲಸ ಕೊಟ್ಟರೆ ಒಂದೇ ದಿನದಲ್ಲಿ ಮುಗಿಸುತ್ತಾರೆ. ಹಳೆಯ ಕೈಬರಹ ಓದಬಲ್ಲ ಹಿರಿಯರು ಇನ್ನೂ ಕೆಲವರು ಉಳಿದಿದ್ದಾರೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಇಂಥವರ ಹೆಂಡತಿ’ ಎಂದಷ್ಟೇ ಬರೆದಿರುವ ಕಡೆ ಆಕೆಯ ಹೆಸರೇನೆಂದು ಮೊಮ್ಮಕ್ಕಳನ್ನು ಕೇಳಿ ತಿಳಿದು ಬರೆಯಿರಿ. ಸ್ತ್ರೀ ಸಮಾಜದ ಅಜ್ಜಿಯರಿಗೆ ಅದು ಖಂಡಿತ ಗೊತ್ತಿರುತ್ತದೆ. ಬಾಸೆಲ್ ಮಿಶನ್ನಿನಲ್ಲಿ ಪಾಲಕರಾದ ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯರಂಥವರ ಹೆಸರನ್ನು ನಾವು ಯಾರೂ ಮರೆಯುವುದಿಲ್ಲ, ಅವರು ವಿದ್ಯಾವಂತರಾಗಿದ್ದರು, ಬರೆದರು, ಅವರ ಕುರಿತು ಬರೆದವರೂ ಇದ್ದರು. ಗೀಟು ಎಳೆದು ಸಾಕ್ಷಿ ಹಾಕಿದವರಿಗೆ ತಮ್ಮ ಸಂಚಿಕೆಯೊಂದೇ ದಾರಿ.

ನಮ್ಮ ಸಭೆಯ ಆ ಪುಸ್ತಕದ ಉಳಿದ ಸಾಲುಗಳನ್ನು ನಾನು ಈಗ ಪ್ರತಿಮಾಡುತ್ತಿದ್ದೇನೆ. ಮೊನ್ನೆಯ ದಿನ ನಕಲು ಮಾಡಿದ ಪುಟದ ನಡುವಿನಲ್ಲಿ ಮೂವತ್ತರ ಪ್ರಾಯದ ಒಬ್ಬ ಹೆಣ್ಣುಮಗಳ ಸಾಲಿತ್ತು. ಎರಡು ಮಕ್ಕಳ ಹೆಸರನ್ನು ಅವಳ ಹೆಸರಿನ ಕೆಳಗೆ ಬರೆಯಲಾಗಿತ್ತು, ಮೂರನೆಯ ಮಗುವಿನ ಹೆಸರಿನ ಮೊದಲ ಅಕ್ಷರ ‘ಸು’ ಎಂದಿದ್ದು, ಅದರ ಮುಂದೆ ಗೆದ್ದಲು ಮಾಡಿದ ತೂತು. ಸುಂದರನೋ, ಸುವರ್ಣಳೋ, ಸುಮಿತ್ರಳೋ. ಆ ಸಾಲನ್ನು ಹಾಗೆಯೇ, ಅರ್ಧಕ್ಕೇ, ಬರೆದುಕೊಂಡಿದ್ದೇನೆ. ತಮ್ಮ ಬೀರುವಿನ ಪುಸ್ತಕಗಳನ್ನು ಓದಲು ಜನ ಬೇಕಾದರೆ ಕರೆಯಿರಿ. ಬಸ್ಸು ಹಿಡಿದು ನಾನೇ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕರಾವಳಿಯ ಒಂದು ಸಭೆಯ ಸದಸ್ಯೆ, ನಿವೃತ್ತ ಕನ್ನಡ ಅಧ್ಯಾಪಕಿ